ಮೋದಿ ಡಾಕ್ಟ್ರು ನಿಮ್ಮ ಮನೆಯಲ್ಲಿ ಯಾರಿಗಾದ್ರೂ ನೆನಪಿದ್ದಾರಾ? (ಕಣ್ಣಿನ ಡಾಕ್ಟರು, ಪ್ರಧಾನಿ ಅಲ್ಲ)

ಘಟಪ್ರಭಾ ದಂಡೆ · ಭಾನುವಾರ ಬೆಳಿಗ್ಗೆ 9:12

ಊರಿನ ಮನೆಗೆ ಸುಣ್ಣ ಹೊಡೆಸೋಕೆ ಅಂತ ಸಾಮಾನೆಲ್ಲ ಹೊರಗೆ ಹಾಕಿದ್ದೆವು. ಅಜ್ಜಿಯ ಟ್ರಂಕಿನ ತಳದಲ್ಲಿ, ಇಳಕಲ್ ಸೀರೆಯ ಮಡಿಕೆಯೊಳಗೆ, ಒಂದು ಚಾಳೀಸು ಸಿಕ್ಕಿತು. ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ. ಒಂದು ಕಡೆಯ ಕಡ್ಡಿ ಮುರಿದಿದೆ. ಅಲ್ಲಿ ಹಸಿರು ದಾರ ಕಟ್ಟಿ, ಕಿವಿಗೆ ಸುತ್ತಿಕೊಳ್ಳುವ ಹಾಗೆ ಮಾಡಿಕೊಂಡಿದ್ದಾಳೆ. ನನ್ನ ಮಗ ಅದನ್ನು ಹಾಕಿಕೊಂಡು ನೋಡಿ, "ಅಪ್ಪಾ, ನಿನ್ನ ಮೂಗು ಬದನೆಕಾಯಿ ಆಗಿದೆ" ಅಂದ.

ಅವ್ವ ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ "ಇದು ಮೋದಿ ಡಾಕ್ಟರ್ ಕ್ಯಾಂಪಿಂದು" ಅಂದಳು.

ಅಜ್ಜಿಗೆ ಎರಡೂ ಕಣ್ಣಿಗೆ ಮೋತಿಬಿಂದು ಇತ್ತಂತೆ. ಮೂರು ವರ್ಷ ಏನೂ ಕಾಣುತ್ತಿರಲಿಲ್ಲ. ಪಡಸಾಲೆಯ ಕಂಬದಿಂದ ಹಿತ್ತಲ ಬಚ್ಚಲ ತನಕ ಅಜ್ಜ ಒಂದು ಹಗ್ಗ ಕಟ್ಟಿದ್ದ. ಅದನ್ನು ಹಿಡಿದುಕೊಂಡೇ ಓಡಾಟ. ರೊಟ್ಟಿ ಮಾತ್ರ ಬಿಟ್ಟಿರಲಿಲ್ಲ. ಕೈ ಅಂದಾಜಿನಲ್ಲಿ ಬಡಿಯೋದು, ಬೆಂದದ್ದು ವಾಸನೆಯ ಮೇಲೆ ತಿಳಿಯೋದು. ಹೀಗಿರುವಾಗ ಕ್ಯಾಂಪ್ ಬಂದಿದೆ ಅಂತ ಡಂಗುರ ಹೊಡೆದರು. ಚಕ್ಕಡಿಯಲ್ಲಿ ಕಣಕಿ ಹಾಸಿ, ಅದರ ಮೇಲೆ ಕೌದಿ ಹಾಕಿ ಕರೆದುಕೊಂಡು ಹೋದರು. ಹೈಸ್ಕೂಲಿನ ಕೋಣೆಗಳಲ್ಲಿ ಸಾಲಾಗಿ ಮಲಗಿಸಿದ್ದರಂತೆ. ಪಟ್ಟಿ ಬಿಚ್ಚಿದ ದಿನ ಅಜ್ಜಿ ಮೊದಲು ನೋಡಿದ್ದು ಎದುರಿಗೆ ನಿಂತಿದ್ದ ಮಗಳನ್ನಲ್ಲ, ತನ್ನ ಕೈಯನ್ನ. "ಯವ್ವಾ, ನನ್ನ ಕೈ ಇಷ್ಟ ಮುದುಕಿ ಆಗ್ಯಾವಲ್ಲ!" ಅಂದಳಂತೆ.

ಈಗ ಕೇಳುತ್ತಿರುವುದಕ್ಕೆ ಕಾರಣ ಇದೆ. ಅವ್ವನಿಗೂ ಈಗ 67. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣು ಮೊದಲು ಮಾಡೋಣ ಅಂತ ಡಾಕ್ಟರ್ ಹೇಳಿದ್ದಾರೆ. ಅವಳು ಒಪ್ಪುತ್ತಿಲ್ಲ. ಅವಳ ತಲೆಯಲ್ಲಿ ಇರೋದು ಆ ಹೈಸ್ಕೂಲಿನ ಕೋಣೆ. "ಎಂಟು ದಿನ ಅಲುಗಾಡದ ಮಲಗೂದು ನನ್ನ ಕೈಲೆ ಆಗೂದಿಲ್ಲ" ಅಂತಾಳೆ. ಈ ಮೋದಿ ಡಾಕ್ಟರ್ ಯಾರು, ಆಗ ಏನು ಮಾಡುತ್ತಿದ್ದರು, ಆ ಗಾಜು ಅಷ್ಟು ದಪ್ಪ ಯಾಕೆ? ಗೊತ್ತಿದ್ದವರು ಹೇಳಿ. ಅವಳಿಗೆ ಓದಿ ಹೇಳುತ್ತೇನೆ.

ರಾಜಾಜಿನಗರ ಹಳಬ · ಭಾನುವಾರ 9:50

ಬೆಂಗಳೂರಿನ ವೆಸ್ಟ್ ಆಫ್ ಕಾರ್ಡ್ ರೋಡ್ ಕಡೆ ಓಡಾಡೋರಿಗೆ ಮೋದಿ ಆಸ್ಪತ್ರೆ ರಸ್ತೆ ಗೊತ್ತೇ ಇರುತ್ತೆ. ಬಸ್ಸಿನಲ್ಲಿ ಕಂಡಕ್ಟರ್ "ಮೋದಿ ಆಸ್ಪತ್ರೆ, ಮೋದಿ ಆಸ್ಪತ್ರೆ" ಅಂತ ಕೂಗಿದರೆ, ಹೊಸ ಹುಡುಗರು 2014ರ ನಂತರ ಇಟ್ಟ ಹೆಸರು ಅಂದುಕೊಳ್ಳುತ್ತಾರೆ. ಆ ಆಸ್ಪತ್ರೆ ಅದಕ್ಕಿಂತ ಎಷ್ಟೋ ಹಳೆಯದು ಸ್ವಾಮಿ.

ಡಾ. ಎಂ. ಸಿ. ಮೋದಿ. ಪೂರ್ತಿ ಹೆಸರು ಮುರುಗಪ್ಪ ಚನ್ನವೀರಪ್ಪ ಮೋದಿ. ಹುಟ್ಟಿದ್ದು 1916ರಲ್ಲಿ, ಬೀಳಗಿಯವರು. ಆಗ ವಿಜಾಪುರ ಜಿಲ್ಲೆ, ಈಗ ಬಾಗಲಕೋಟೆ. ಅಂದರೆ ನಿಮ್ಮ ಘಟಪ್ರಭೆ ಕಡೆಯವರೇ. 1943ರ ಹೊತ್ತಿಗೆ ಊರೂರಿಗೆ ಹೋಗಿ ಉಚಿತವಾಗಿ ಕಣ್ಣಿನ ಆಪರೇಷನ್ ಮಾಡೋಕೆ ಶುರು ಮಾಡಿದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ. 2005ರಲ್ಲಿ ತೀರಿಕೊಂಡರು.

ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಅವರ ಹೆಸರು ಇತ್ತು. ಒಂದೇ ದಿನ 833 ಪೊರೆ ಆಪರೇಷನ್. 1993ರ ಫೆಬ್ರವರಿ ತನಕ ಒಟ್ಟು 6,10,564 ಆಪರೇಷನ್. ಸುತ್ತಿದ ಹಳ್ಳಿ 46,120. ನೋಡಿದ ರೋಗಿಗಳು 1 ಕೋಟಿ 21 ಲಕ್ಷಕ್ಕೂ ಮೇಲೆ. ಚಿಕ್ಕವನಿದ್ದಾಗ ಕ್ವಿಜ್‌ಗೆ ಅಂತ ಬಾಯಿಪಾಠ ಮಾಡಿದ್ದು, ಇನ್ನೂ ಮರೆತಿಲ್ಲ.

ಲೆಕ್ಕದ ಮೇಷ್ಟ್ರು · ಭಾನುವಾರ 11:05

ತಪ್ಪು ತಿಳಿಯಬೇಡಿ. ದೊಡ್ಡವರ ಬಗ್ಗೆ ಗೌರವ ಇದೆ. ಆದರೆ ಅಂಕಿ ಕಂಡರೆ ನನಗೆ ಕೈ ಸುಮ್ಮನಿರಲ್ಲ.

ಒಂದು ದಿನಕ್ಕೆ 1440 ನಿಮಿಷ. ಊಟ, ನಿದ್ದೆ ಏನೂ ಇಲ್ಲದೆ 24 ಗಂಟೆ ನಿಂತರೂ 833ಕ್ಕೆ ಭಾಗಿಸಿದರೆ ಒಂದು ಕಣ್ಣಿಗೆ ಒಂದು ಮುಕ್ಕಾಲು ನಿಮಿಷವೂ ಸಿಗಲ್ಲ. ನನ್ನ ಕಟಿಂಗ್ ಶಾಪ್‌ನವನು ಗಡ್ಡಕ್ಕೆ ಸೋಪು ಹಚ್ಚೋಕೇ ಅದಕ್ಕಿಂತ ಜಾಸ್ತಿ ಹೊತ್ತು ತಗೋತಾನೆ.

ಇನ್ನು 6,10,564. 50 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 12 ಸಾವಿರದ ಮೇಲೆ. ಭಾನುವಾರ, ಯುಗಾದಿ, ದೀಪಾವಳಿ ಯಾವುದೂ ಬಿಡದೆ ದಿನಕ್ಕೆ 33. 46 ಸಾವಿರ ಹಳ್ಳಿ ಅಂದರೆ? ನಮ್ಮ ಇಡೀ ಕರ್ನಾಟಕದಲ್ಲಿ ಇರೋ ಹಳ್ಳಿಗಳೇ ಸುಮಾರು 29 ಸಾವಿರ. ಬಹುಶಃ ರೋಗಿಗಳು ಯಾವ್ಯಾವ ಹಳ್ಳಿಯಿಂದ ಬಂದರು ಅನ್ನೋದನ್ನೂ ಸೇರಿಸಿ ಬರೆದಿದ್ದಾರೆ.

ನಾನು ಕೇಳೋದು ಇಷ್ಟೇ. ಇಷ್ಟು ವೇಗದಲ್ಲಿ ಮಾಡಿದರೆ ಡಾಕ್ಟರು ರೋಗಿಯ ಮುಖವನ್ನಾದರೂ ನೋಡಿರುತ್ತಾರಾ? ಇದನ್ನು ರೋಗಿಯ ಆರೈಕೆ ಅನ್ನೋಣವಾ, ಫ್ಯಾಕ್ಟರಿ ಅನ್ನೋಣವಾ?

ಮೂಡಲಪಾಯ · ಭಾನುವಾರ 11:20

ಮೇಷ್ಟ್ರೇ, ಹಗ್ಗ ಹಿಡ್ಕೊಂಡು ಬಚ್ಚಲಿಗೆ ಹೋಗೋ ಅಜ್ಜಿಗೆ ಡಾಕ್ಟರ್ ಮುಖ ನೋಡಿದರೋ ಇಲ್ವೋ ಅನ್ನೋದು ಮುಖ್ಯನಾ? ಅವಳಿಗೆ ಡಾಕ್ಟರ್ ಮುಖ ಕಂಡಿತಲ್ಲ!

ಓಟಿ ಸಿಸ್ಟರ್ (ನಿವೃತ್ತ) · ಭಾನುವಾರ ಮಧ್ಯಾಹ್ನ 2:30

ಈ ಮಾತಿಗೆ ನಾನು ಬರಲೇಬೇಕು. 1978ರಿಂದ ಕಣ್ಣಿನ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರ್‌ನಲ್ಲಿ, ಕೆಲಸ ಮಾಡಿದವಳು. ಮೋದಿ ಡಾಕ್ಟರ ಕ್ಯಾಂಪಿನಲ್ಲಿ ನಾನಿರಲಿಲ್ಲ. ಆದರೆ ಆ ಕಾಲದ ಬೇರೆ ಕ್ಯಾಂಪ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಮೇಷ್ಟ್ರ ಲೆಕ್ಕ ಸರಿ. ಆದರೆ ಆಪರೇಷನ್ ಅಂದರೆ ಪೂರ್ತಿ ಕೆಲಸವನ್ನು ಒಬ್ಬರೇ ಮಾಡೋದು ಅಂತ ಅವರು ಹಿಡಿದಿದ್ದಾರೆ. ಹಾಗಲ್ಲ ಅದು. ಕಣ್ಣ ರೆಪ್ಪೆಯ ಕೂದಲು ಕತ್ತರಿಸೋಕೆ ಒಬ್ಬರು. ಕಣ್ಣು ತೊಳೆದು ಔಷಧಿ ಬಿಡೋಕೆ ಒಬ್ಬರು. ಕಣ್ಣಿನ ಪಕ್ಕಕ್ಕೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಅಂಗೈಯಿಂದ ಮೆತ್ತಗೆ ಒತ್ತಿ ಹಿಡಿಯೋಕೆ ಒಬ್ಬರು. ಕೊನೆಗೆ ಪಟ್ಟಿ ಕಟ್ಟೋಕೆ ಇನ್ನೊಬ್ಬರು. ಡಾಕ್ಟರ್ ಬರೋದು ನಡುವಿನ ಆ ಒಂದು ಗಳಿಗೆಗೆ ಮಾತ್ರ.

ಆ ಗಳಿಗೆಯಲ್ಲಿ ಆಗೋದೇನು? ಗ್ರೇಫ್ ಚಾಕು ಅಂತ ಒಂದಿತ್ತು. ಸಪೂರ, ಉದ್ದ, ಹುಲ್ಲಿನ ಎಸಳಿನ ಥರ. ಕರಿಗುಡ್ಡೆಯ ಅಂಚಿನಲ್ಲಿ ಒಂದು ಕಡೆಯಿಂದ ಹಾಕಿ ಇನ್ನೊಂದು ಕಡೆ ತೆಗೆದು, ಒಂದೇ ಎಳೆತಕ್ಕೆ ಮೇಲಿನ ಅರ್ಧ ವೃತ್ತ ಬಿಡಿಸಬೇಕು. ಕೈ ಪಳಗಿದವರಿಗೆ ಅದು ಸೆಕೆಂಡುಗಳ ಮಾತು. ಆಮೇಲೆ ಪೊರೆ ಕಟ್ಟಿದ ಮಸೂರವನ್ನು ಅದರ ಚೀಲದ ಸಮೇತ ಹಿಡಿದು ಹೊರಗೆ ಜಾರಿಸೋದು. ಹಲಸಿನ ತೊಳೆಯಿಂದ ಬೀಜ ಜಾರಿ ಬಂದ ಹಾಗೆ ಬರುತ್ತಿತ್ತು. ಹೊಲಿಗೆ ಒಂದೋ ಎರಡೋ, ಕೆಲವು ಕಡೆ ಅದೂ ಇಲ್ಲ. ಒಳಗೆ ಲೆನ್ಸ್ ಹಾಕೋದು ಆಗಿನ ಕ್ಯಾಂಪ್‌ಗಳಲ್ಲಿ ಇರಲೇ ಇಲ್ಲ. ಹಾಗಾಗಿ ಅಷ್ಟು ಬೇಗ.

ಆದರೆ ಆ ಬೇಗಕ್ಕೆ ಬೆಲೆ ಕಟ್ಟುತ್ತಿದ್ದದ್ದು ರೋಗಿ, ಆಮೇಲೆ. ಗಾಯ ದೊಡ್ಡದು, ಹೊಲಿಗೆ ಕಮ್ಮಿ. ಸ್ವಲ್ಪ ಕೆಮ್ಮಿದರೂ ಬಾಯಿ ಬಿಡಬಹುದು. ಅದಕ್ಕೇ ತಲೆಯ ಎರಡೂ ಪಕ್ಕ ಮರಳಿನ ಚೀಲ ಇಟ್ಟು, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ಅಂಗಾತ ಮಲಗಿಸುತ್ತಿದ್ದದ್ದು. ನಗಬಾರದು, ಸೀನಬಾರದು, ಗಟ್ಟಿ ತಿನ್ನಬಾರದು. ಗಂಜಿ, ರವೆ ಪಾಯಸ ಅಷ್ಟೇ. ನಮ್ಮ ವಾರ್ಡಿನಲ್ಲಿ ಒಬ್ಬ ಬೀಡಿ ಸೇದೋ ಅಜ್ಜ ಇದ್ದರು. ಕೆಮ್ಮು ಬಂದಾಗೆಲ್ಲ ನಾಲಿಗೆ ಕಚ್ಚಿ ಹಿಡಿದುಕೊಂಡು ಕಣ್ಣೀರು ಸುರಿಸುತ್ತಿದ್ದರು. ಪಟ್ಟಿ ನೆನೆಯುತ್ತೆ ಅಂತ ನಾನು ಬೈತಿದ್ದೆ. ಈಗ ನೆನೆಸಿಕೊಂಡರೆ ಪಾಪ ಅನಿಸುತ್ತೆ.

ಗಾಜಿನ ದಪ್ಪಕ್ಕೂ ಅದೇ ಕಾರಣ. ಕಣ್ಣಿನೊಳಗಿನ ಮಸೂರವನ್ನೇ ತೆಗೆದ ಮೇಲೆ ಅದರ ಕೆಲಸವನ್ನು ಹೊರಗಿನ ಗಾಜು ಮಾಡಬೇಕು. ಸುಮಾರು ಪ್ಲಸ್ 10 ಪವರ್. ಎಲ್ಲವೂ ಕಾಲು ಪಾಲು ದೊಡ್ಡದಾಗಿ ಕಾಣುತ್ತೆ. ಬದನೆಕಾಯಿ ಮೂಗು ಸುಳ್ಳಲ್ಲ! ಗಾಜಿನ ಅಂಚಿನಲ್ಲಿ ಒಂದು ಸುತ್ತು ಏನೂ ಕಾಣಲ್ಲ. ಬಾಗಿಲಲ್ಲಿ ಬಂದವರು ಇದ್ದಕ್ಕಿದ್ದ ಹಾಗೆ ಎದುರಿಗೆ ಮೂಡಿದ ಹಾಗೆ ಆಗುತ್ತೆ. ಮೆಟ್ಟಿಲು ಹತ್ತಿರ ಕಂಡು ಕಾಲು ಇಟ್ಟರೆ ಅಲ್ಲಿ ಇರಲ್ಲ. ನಿಮ್ಮ ಅಜ್ಜಿ ದಾರ ಕಟ್ಟಿಕೊಂಡದ್ದು ಯಾಕೆ ಗೊತ್ತಾ? ಆ ಕನ್ನಡಕ ಬಿದ್ದು ಒಡೆದರೆ ಮತ್ತೆ ಕುರುಡು. ಅದಕ್ಕೆ.

ಘಟಪ್ರಭಾ ದಂಡೆ · ಭಾನುವಾರ 3:15

ಸಿಸ್ಟರ್, ಕೊನೆಯ ಸಾಲು ಅವ್ವನಿಗೆ ಓದಿ ಹೇಳಿದೆ. "ಹೌದು, ರಾತ್ರಿ ದಿಂಬಿನ ಕೆಳಗ ಇಟ್ಕೊಂಡು ಮಲಗತಿದ್ಲು, ನಮಗ ಮುಟ್ಟಾಕ ಬಿಡ್ತಿರಲಿಲ್ಲ" ಅಂದಳು.

ಹುಬ್ಬಳ್ಳಿ ಮಿರ್ಚಿ · ಭಾನುವಾರ 3:40

ನಡುವೆ ಒಂದು ಮಾತು. ಬೆಂಗಳೂರು ಮಂದಿಗೆ ಚಾಳೀಸು ಅಂದರೆ ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಕನ್ನಡಕಕ್ಕೆ ಹಾಗೇ ಅಂತಾರೆ. ಚಾಳೀಸ್ ಅಂದರೆ ನಲವತ್ತು. ನಲವತ್ತಕ್ಕೆ ಬರೋದು ಅಂತ ಆ ಹೆಸರು. ನನಗೆ ಮೂವತ್ತೆಂಟಕ್ಕೇ ಬಂತು, ಫೋನಿನ ಪುಣ್ಯ.

ಹೆಸರು ಬೇಡ · ಭಾನುವಾರ ರಾತ್ರಿ 9:48

ಎಲ್ಲರೂ ಕ್ಯಾಂಪನ್ನು ಹೊಗಳುತ್ತಿದ್ದೀರಿ. ನಮ್ಮ ಮನೆಯದೂ ಒಂದು ಕೇಳಿ. ಇದು ಮೋದಿ ಡಾಕ್ಟರ ಕ್ಯಾಂಪ್ ಅಲ್ಲ, ಬೇರೆಯವರದು. ಯಾರದು ಅಂತ ಹೇಳಲ್ಲ, ಈಗ ಹೇಳಿಯೂ ಪ್ರಯೋಜನ ಇಲ್ಲ.

ನನ್ನ ತಾತನಿಗೆ 1980ರ ದಶಕದಲ್ಲಿ ಒಂದು ಛತ್ರದಲ್ಲಿ ಆಪರೇಷನ್ ಮಾಡಿದರು. ಹಾರ, ಭಾಷಣ, ಫೋಟೋ ಎಲ್ಲ ಆಯಿತು. ನಾಲ್ಕನೇ ದಿನ ಮನೆಗೆ ಕಳಿಸಿದರು. ಐದನೇ ದಿನ ರಾತ್ರಿ ಕಣ್ಣು ನೋವು ಅಂತ ಶುರುವಾಯಿತು. "ಆಪರೇಷನ್ ಆದ ಮೇಲೆ ನೋವು ಇರುತ್ತಪ್ಪ" ಅಂತ ಮನೆಯವರೇ ಸಮಾಧಾನ ಹೇಳಿದರು. ಬೆಳಿಗ್ಗೆ ಪಟ್ಟಿ ಹಳದಿ ಆಗಿತ್ತು. ಅಪ್ಪ ತಾತನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಹೋದರೆ, ಅಲ್ಲಿ ಯಾರದೋ ಮದುವೆಗೆ ಚಪ್ಪರ ಹಾಕುತ್ತಿದ್ದರು. ಡಾಕ್ಟರು ಮುಂದಿನ ಊರಿಗೆ ಹೋಗಿಯಾಗಿತ್ತು. ಜಿಲ್ಲಾಸ್ಪತ್ರೆ ಮುಟ್ಟುವಷ್ಟರಲ್ಲಿ ಇನ್ನೊಂದು ದಿನ. ಕಣ್ಣು ಹೋಯಿತು.

ತಾತ ಯಾರನ್ನೂ ಬೈಯಲಿಲ್ಲ. "ಪುಕ್ಕಟೆ ಮಾಡಿದರಲ್ಲ, ಏನು ಕೇಳೋದು" ಅನ್ನುತ್ತಿದ್ದರು. ನನಗೆ ಸಿಟ್ಟು ಬರೋದು ಆ ಮಾತಿಗೇ. ಪುಕ್ಕಟೆ ಆದರೆ ಕೇಳೋ ಹಕ್ಕೇ ಇಲ್ಲ ಅಂತ ಅವರಿಗೆ ಅನಿಸಿತ್ತಲ್ಲ, ಅದಕ್ಕೆ.

ಲೆಕ್ಕದ ಮೇಷ್ಟ್ರು · ಭಾನುವಾರ 10:20

ನಾನು ಕೇಳಬೇಕಾಗಿದ್ದ ಪ್ರಶ್ನೆ ಇದು. ಒಂದು ಮುಕ್ಕಾಲು ನಿಮಿಷದ್ದಲ್ಲ, ಐದನೇ ದಿನದ್ದು.

ಓಟಿ ಸಿಸ್ಟರ್ (ನಿವೃತ್ತ) · ಭಾನುವಾರ 10:41

ಹೆಸರು ಬೇಡ ಅವರೇ, ನೀವು ಹೇಳಿದ್ದು ನನಗೆ ಹೊಸದಲ್ಲ. ಅಂಥ ಕಣ್ಣುಗಳು ನಮ್ಮ ಆಸ್ಪತ್ರೆಗೂ ಬರುತ್ತಿದ್ದವು. ಕೀವು ತುಂಬಿದ ಕಣ್ಣನ್ನು ಉಳಿಸೋಕೆ ಸಿಗೋದು ಗಂಟೆಗಳು, ದಿನಗಳಲ್ಲ. ಇದಕ್ಕೇ ಛತ್ರ, ಶಾಲೆಗಳಲ್ಲಿ ಆಪರೇಷನ್ ಮಾಡೋ ಪದ್ಧತಿ ಆಮೇಲೆ ನಿಂತಿತು. ಈಗ ಹಳ್ಳಿಯಲ್ಲಿ ತಪಾಸಣೆ ಮಾತ್ರ. ಆಪರೇಷನ್‌ಗೆ ವ್ಯಾನಿನಲ್ಲಿ ಆಸ್ಪತ್ರೆಗೇ ಕರೆದುಕೊಂಡು ಬರಬೇಕು.

ಮದುರೈ ಮನೆ ಅಳಿಯ · ಸೋಮವಾರ ಬೆಳಿಗ್ಗೆ 7:35

ನಾನು ಮಂಡ್ಯದವನು. ಹೆಂಡತಿ ಕಡೆಯಿಂದ ಮದುರೈ ಸಂಬಂಧ, ಹನ್ನೆರಡು ವರ್ಷದಿಂದ ಇಲ್ಲೇ ಇದ್ದೇನೆ. ಫ್ಯಾಕ್ಟರಿನಾ ಆರೈಕೆನಾ ಅಂತ ಮೇಷ್ಟ್ರು ಕೇಳಿದರಲ್ಲ, ಎರಡೂ ಒಟ್ಟಿಗೆ ಆಗುತ್ತೆ ಅಂತ ಇಲ್ಲಿ ಒಬ್ಬರು ತೋರಿಸಿಬಿಟ್ಟರು. ಡಾ. ಗೋವಿಂದಪ್ಪ ವೆಂಕಟಸ್ವಾಮಿ. ಎಲ್ಲರೂ ಡಾಕ್ಟರ್ ವಿ ಅಂತಾರೆ. ಅರವಿಂದ್ ಕಣ್ಣಿನ ಆಸ್ಪತ್ರೆ ಕಟ್ಟಿದವರು.

ಅವರ ಹಿನ್ನೆಲೆ ಕೇಳಿದರೆ ಆಮೇಲಿನದು ಅರ್ಥ ಆಗುತ್ತೆ. 1918ರಲ್ಲಿ ವಡಮಲಾಪುರಂ ಅನ್ನೋ ಸಣ್ಣ ಹಳ್ಳಿಯಲ್ಲಿ ಹುಟ್ಟಿದರು, ರೈತರ ಮನೆ. ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದಿ ಕಲಿತವರು. ಹೆರಿಗೆಯ ತೊಂದರೆಯಲ್ಲಿ ಸಂಬಂಧಿಕರ ಹೆಣ್ಣುಮಕ್ಕಳು ಮೂವರು ಸತ್ತದ್ದನ್ನು ಹುಡುಗನಾಗಿದ್ದಾಗ ಕಂಡಿದ್ದರು. ಹೆರಿಗೆ ಡಾಕ್ಟರೇ ಆಗಬೇಕು ಅಂತ ಹಟ ಹಿಡಿದು, ಮದ್ರಾಸಿನ ಸ್ಟಾನ್ಲಿ ಮೆಡಿಕಲ್ ಕಾಲೇಜಿನಲ್ಲಿ 1944ರಲ್ಲಿ ಓದು ಮುಗಿಸಿದರು. ಸೈನ್ಯದಲ್ಲಿ ಡಾಕ್ಟರ್ ಆದರು. ಅಲ್ಲಿ ಸಂಧಿವಾತ ಹಿಡಿಯಿತು. ಸಾಮಾನ್ಯದ್ದಲ್ಲ, ವರ್ಷದ ಮೇಲೆ ಹಾಸಿಗೆ ಹಿಡಿಸಿತು. ಬೆರಳುಗಳು ಸೊಟ್ಟಗಾದವು. ಆ ಕೈಯಲ್ಲಿ ಹೆರಿಗೆ ಮಾಡಿಸೋದು ಆಗಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಕತ್ತರಿ ಮುಟ್ಟದ ವಿಭಾಗ ಹುಡುಕಿಕೊಳ್ಳುತ್ತಿದ್ದರು. ಈ ಮನುಷ್ಯ ಕಣ್ಣಿನ ವಿಭಾಗಕ್ಕೆ ಹೋದರು! ಸೊಟ್ಟಗಾದ ಬೆರಳಿಗೇ ಚಾಕು ಹಿಡಿಯೋದು ಕಲಿಸಿದರು. ಮದುರೈ ಸರ್ಕಾರಿ ಆಸ್ಪತ್ರೆಯಲ್ಲಿ ಇದ್ದುಕೊಂಡೇ ಹಳ್ಳಿಗಳಲ್ಲಿ ಕ್ಯಾಂಪ್ ಮಾಡಿದರು. ಜೀವಮಾನದಲ್ಲಿ ಲಕ್ಷಕ್ಕೂ ಮೇಲೆ ಆಪರೇಷನ್.

58ಕ್ಕೆ ನಿವೃತ್ತಿ. 1976ರಲ್ಲಿ 11 ಹಾಸಿಗೆಯ ಆಸ್ಪತ್ರೆ ಶುರು ಮಾಡಿದರು. ತಮ್ಮಂದಿರು, ತಂಗಿಯರು, ಅವರ ಗಂಡಂದಿರು, ಇಡೀ ಮನೆತನವೇ ಅದಕ್ಕೆ ಬಿತ್ತು. ನಮ್ಮ ಮಾವನವರು ಹೇಳೋ ಪ್ರಕಾರ, ಆ ಮನೆಯಲ್ಲಿ ಹಬ್ಬಕ್ಕೆ ಸೇರಿದರೂ ಪೊರೆಯದೇ ಮಾತು.

ಈಗ ಅಲ್ಲಿ ಹೇಗೆ ನಡೆಯುತ್ತೆ ನೋಡಿ. ಒಂದು ಡಾಕ್ಟರಿಗೆ ಎರಡು ಟೇಬಲ್. ಈ ಟೇಬಲ್ ಮೇಲೆ ಆಪರೇಷನ್ ಆಗುತ್ತಿರುವಾಗಲೇ ಆ ಟೇಬಲ್ ಮೇಲೆ ಮುಂದಿನವರು ತಯಾರು. ಮುಗಿದ ಕೂಡಲೇ ಮೈಕ್ರೋಸ್ಕೋಪನ್ನು ಆ ಕಡೆ ತಿರುಗಿಸಿಕೊಳ್ಳುತ್ತಾರೆ, ಅಷ್ಟೇ. ಉಳಿದ ಕೆಲಸ ಹಳ್ಳಿಗಳಿಂದ ಬಂದು ಎರಡು ವರ್ಷ ತರಬೇತಿ ಪಡೆದ ಹೆಣ್ಣುಮಕ್ಕಳದ್ದು. ದುಡ್ಡು ಇದ್ದವರು ಕೊಡುತ್ತಾರೆ, ಇಲ್ಲದವರಿಗೆ ಉಚಿತ. ರೂಮು ಬೇರೆ, ಹಾಸಿಗೆ ಬೇರೆ ಇರಬಹುದು. ಆಪರೇಷನ್ ಮಾಡೋ ಡಾಕ್ಟರು ಬೇರೆ ಅಲ್ಲ. ಎರಡೂ ಕಡೆ ಅವರೇ ಸರದಿಯಲ್ಲಿ.

ಇನ್ನೊಂದು ವಿಷಯ. ಕಣ್ಣೊಳಗೆ ಹಾಕೋ ಲೆನ್ಸ್ ಆಗ ಹೊರದೇಶದಿಂದ ಬರುತ್ತಿತ್ತು, ಒಂದಕ್ಕೆ ನೂರು ಡಾಲರ್ ಆಸುಪಾಸು. ಬಡವರಿಗೆ ದಪ್ಪ ಗಾಜು, ಇದ್ದವರಿಗೆ ಲೆನ್ಸ್ ಅನ್ನೋ ಹಾಗಾಗಿತ್ತು. 1992ರಲ್ಲಿ ಅರೋಲ್ಯಾಬ್ ಅಂತ ತಾವೇ ಕಾರ್ಖಾನೆ ಹಾಕಿ, ಹತ್ತು ಡಾಲರ್ ಆಸುಪಾಸಿಗೆ ಇಳಿಸಿದರು. ಆಮೇಲೆ ಅದಕ್ಕಿಂತಲೂ ಕೆಳಗೆ. ಘಟಪ್ರಭಾ ದಂಡೆಯವರ ಅಜ್ಜಿಯ ಸೋಡಾ ಗಾಜು ಟ್ರಂಕಿಗೆ ಹೋಗಿದ್ದರಲ್ಲಿ ಅದರ ಪಾಲೂ ಇದೆ.

ಲೆಕ್ಕದ ಮೇಷ್ಟ್ರು · ಸೋಮವಾರ 8:10

ಅಳಿಯಂದಿರೇ, ವರ್ಷಕ್ಕೆ ಒಬ್ಬ ಡಾಕ್ಟರಿಗೆ ಎಷ್ಟು ಬೀಳುತ್ತೆ ಅಲ್ಲಿ?

ಮದುರೈ ಮನೆ ಅಳಿಯ · ಸೋಮವಾರ 8:25

ಎರಡು ಸಾವಿರದ ಆಸುಪಾಸು ಅಂತಾರೆ. ದೇಶದಲ್ಲಿ ಸಾಮಾನ್ಯವಾಗಿ ನಾನೂರರ ಹತ್ತಿರ.

ಲೆಕ್ಕದ ಮೇಷ್ಟ್ರು · ಸೋಮವಾರ 8:31

ಐದು ಪಟ್ಟು. ಇದು ನಂಬೋ ಲೆಕ್ಕ. ಮೋದಿ ಡಾಕ್ಟರದ್ದು ಇದರ ಆರು ಪಟ್ಟು ಆಗುತ್ತೆ, ಅದನ್ನು ಅರಗಿಸಿಕೊಳ್ಳೋಕೆ ನನಗೆ ಇನ್ನೂ ಕಷ್ಟ. ಆದರೆ ಒಂದು ಒಪ್ಪುತ್ತೇನೆ. ಅವರು ಚಾಕು ಹಿಡಿದು ಊರೂರಿಗೆ ಹೊರಟಾಗ, ಚಕ್ಕಡಿ ಬಿಟ್ಟರೆ ಬೇರೆ ಗತಿ ಇಲ್ಲದ ಊರಿನವರನ್ನು ಆಸ್ಪತ್ರೆಗೆ ಬನ್ನಿ ಅನ್ನೋದು ಬರಬೇಡಿ ಅಂದ ಹಾಗೇ. ರಸ್ತೆ, ಬಸ್ಸು ಬಂದ ಮೇಲೆ ವ್ಯಾನಿನಲ್ಲಿ ಕರೆದು ತರೋದು ಸಾಧ್ಯವಾಯಿತು. ಅವರನ್ನು ಇವತ್ತಿನ ತಕ್ಕಡಿಯಲ್ಲಿ ತೂಗಿದ್ದು ನನ್ನ ತಪ್ಪು. ಹೆಸರು ಬೇಡ ಅವರ ತಾತನ ಕಣ್ಣು ಮಾತ್ರ ಯಾವ ತಕ್ಕಡಿಯಲ್ಲಿ ಇಟ್ಟರೂ ತೂಗಲ್ಲ.

ಹೆಸರು ಬೇಡ · ಸೋಮವಾರ 9:02

ಇಷ್ಟು ಹೇಳಿದಿರಲ್ಲ, ಸಾಕು ಮೇಷ್ಟ್ರೇ.

ಅಪ್ಪು ಫ್ಯಾನ್ ಕೊಳ್ಳೇಗಾಲ · ಸೋಮವಾರ ಮಧ್ಯಾಹ್ನ 1:14

ಪೊರೆ ಬಂದವರಿಗೆ ದಾನದ ಕಣ್ಣು ಹಾಕಿದರೆ ಆಗಲ್ವಾ? ಅಪ್ಪು ಸರ್ ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತಲ್ಲ. ನಾನೂ ಆವತ್ತೇ ಬರೆದುಕೊಟ್ಟೆ.

ಪಿಜಿ ಎರಡನೇ ವರ್ಷ · ಸೋಮವಾರ ರಾತ್ರಿ 11:52

ಡ್ಯೂಟಿ ಮುಗಿಸಿ ಬಂದು ಈಗ ಓದಿದೆ. ನಾನು ಕಣ್ಣಿನ ವಿಭಾಗದಲ್ಲೇ ಪಿಜಿ ಮಾಡುತ್ತಿದ್ದೇನೆ.

ಕೊಳ್ಳೇಗಾಲದವರೇ, ಬರೆದುಕೊಟ್ಟಿದ್ದು ಒಳ್ಳೆಯ ಕೆಲಸ. ಆದರೆ ಅದು ಬೇರೆ, ಇದು ಬೇರೆ. ದಾನದ ಕಣ್ಣಿನಿಂದ ತೆಗೆದು ಹಾಕೋದು ಮುಂದಿನ ಪಾರದರ್ಶಕ ಪದರ, ಕಾರ್ನಿಯಾ. ಗಡಿಯಾರದ ಮೇಲಿನ ಗಾಜು ಇದ್ದ ಹಾಗೆ. ಪೊರೆ ಬರೋದು ಅದರ ಹಿಂದೆ ಇರೋ ಮಸೂರಕ್ಕೆ. ಅದಕ್ಕೆ ದಾನಿ ಬೇಕಾಗಿಲ್ಲ, ಕೃತಕ ಲೆನ್ಸ್ ಸಾಕು. ಆ ಲೆನ್ಸ್ ಹುಟ್ಟಿದ ಕಥೆ ಚೆನ್ನಾಗಿದೆ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ವಿಮಾನ ಚಾಲಕರ ಕಣ್ಣಿಗೆ ವಿಮಾನದ ಮುಂಗಾಜಿನ ಚೂರು ಹೊಕ್ಕಿದ್ದವು. ಅದು ಗಾಜಲ್ಲ, ಒಂದು ಬಗೆಯ ಪ್ಲಾಸ್ಟಿಕ್. ವರ್ಷಗಟ್ಟಲೆ ಒಳಗೇ ಇದ್ದರೂ ಕಣ್ಣು ಅದನ್ನು ಸಹಿಸಿಕೊಂಡಿತ್ತು. ಹೆರಾಲ್ಡ್ ರಿಡ್ಲಿ ಅನ್ನೋ ಡಾಕ್ಟರ್ ಅದನ್ನು ಗಮನಿಸಿ, ಅದೇ ಪ್ಲಾಸ್ಟಿಕ್‌ನಿಂದ ಲೆನ್ಸ್ ಮಾಡಿಸಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಹಾಕಿದರು.

ಘಟಪ್ರಭಾ ದಂಡೆ ಸರ್, ನಿಮ್ಮ ತಾಯಿಯವರಿಗೆ ಇದನ್ನು ಓದಿ ಹೇಳಿ. ಅಮ್ಮಾ, ಈಗ ಮರಳಿನ ಚೀಲ ಇಲ್ಲ. ಗಾಯ ಎರಡು ಮೂರು ಮಿಲಿಮೀಟರ್, ಕೆಲವು ವಿಧಾನದಲ್ಲಿ ಆರೇಳು. ಸಾಮಾನ್ಯವಾಗಿ ಹೊಲಿಗೆಯೇ ಬೇಕಾಗಲ್ಲ, ತಾನಾಗಿ ಮುಚ್ಚಿಕೊಳ್ಳುತ್ತೆ. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಹೆಚ್ಚಿನವರು ಅವತ್ತೇ ಮನೆಗೆ ಹೋಗುತ್ತಾರೆ. ಕೆಮ್ಮಿದರೆ ಕಣ್ಣು ಒಡೆದು ಹೋಗಲ್ಲ. ಆಪರೇಷನ್ ಆಗುವಾಗ ಮಾತ್ರ ಕೆಮ್ಮು ಬಂದರೆ ಮೊದಲೇ ಹೇಳಿ, ಡಾಕ್ಟರ್ ಕೈ ತೆಗೆಯುತ್ತಾರೆ.

"ಪೊರೆ ಇನ್ನೂ ಹಣ್ಣಾಗಲಿ" ಅಂತ ಕಾಯೋದು ಹಳೆಯ ಕಾಲದ ಮಾತು. ಆಗ ಚೀಲದ ಸಮೇತ ಎಳೆಯುತ್ತಿದ್ದರಲ್ಲ, ಬಲಿತಿದ್ದರೆ ಸುಲಭ. ಈಗ ಜಾಸ್ತಿ ಬಲಿತರೇ ನಮಗೆ ಕಷ್ಟ. ಶುಗರ್, ಬಿಪಿ ನೋಡಿಸಿ. ನಂತರದ ಡ್ರಾಪ್ಸ್ ತಪ್ಪಿಸಬೇಡಿ. ಕೆಲವು ದಿನ ತಲೆಗೆ ನೀರು ಬೇಡ. ಇದಕ್ಕಿಂತ ಮುಖ್ಯ, ಆಮೇಲೆ ನೋವು ಹೆಚ್ಚಾದರೆ, ಕೆಂಪಾದರೆ, ಕಂಡದ್ದು ಮತ್ತೆ ಮಂಜಾದರೆ, ರಾತ್ರಿ ಹನ್ನೆರಡಾದರೂ ಸರಿ, ಹೋಗಿ ಬಾಗಿಲು ಬಡಿಯಿರಿ. ಬೆಳಗಾಗಲಿ ಅನ್ನಬೇಡಿ. ಪುಕ್ಕಟೆ ಮಾಡಿಸಿಕೊಂಡಿದ್ದರೂ ಬಡಿಯಿರಿ. ಹೆಸರು ಬೇಡ ಸರ್ ಬರೆದದ್ದನ್ನು ಓದಿದ ಮೇಲೆ ಈ ಸಾಲು ಸೇರಿಸಿದೆ.

ರೋಗಿಯ ಮುಖ ನೋಡೋ ಮಾತು ಬಂತಲ್ಲ. ಓಟಿಯಲ್ಲಿ ಮುಖಕ್ಕೆ ಹಸಿರು ಬಟ್ಟೆ ಮುಚ್ಚಿರುತ್ತೇವೆ, ಕಣ್ಣೊಂದೇ ಕಾಣೋದು. ಎಚ್ಚರ ಇರುತ್ತಾರೆ, ಎಲ್ಲ ಕೇಳಿಸುತ್ತೆ. ನಮ್ಮ ಮೇಡಂ ಒಬ್ಬರು ಪ್ರತಿ ಹೆಜ್ಜೆಗೂ ಹೇಳುತ್ತಾ ಹೋಗುತ್ತಾರೆ. "ಅಜ್ಜಿ, ಈಗ ತಣ್ಣಗೆ ನೀರು ಬೀಳುತ್ತೆ. ಈಗ ಬೆಳಕು ಜಾಸ್ತಿ ಆಗುತ್ತೆ. ಇನ್ನೊಂದು ಸ್ವಲ್ಪ, ಮುಗೀತು." ಅದಕ್ಕೆ ಒಂದು ನಿಮಿಷವೂ ಹೆಚ್ಚು ಹಿಡಿಯಲ್ಲ. ನಾನು ಮೊದಲ ಸಲ ಮಾಡಿದಾಗ ಭಯಕ್ಕೆ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ಆ ತಾತ ಕೇಳಿದರು, "ಯಾರಾದರೂ ಇದ್ದೀರೇನಪ್ಪಾ?"

ಓಟಿ ಸಿಸ್ಟರ್ (ನಿವೃತ್ತ) · ಮಂಗಳವಾರ ಬೆಳಿಗ್ಗೆ 6:20

ಡಾಕ್ಟರ್ ಮಗೂ, ಮುಂದಿನ ಸಲ ಏನೂ ತೋಚದಿದ್ದರೆ ಊಟ ಆಯ್ತಾ ಅಂತ ಕೇಳಿ. ಆಪರೇಷನ್ ಟೇಬಲ್ ಮೇಲೆ ಕೇಳಿದರೂ ಸರಿ, ನಮ್ಮ ಜನ ಉತ್ತರ ಕೊಡ್ತಾರೆ.

ಘಟಪ್ರಭಾ ದಂಡೆ · ಮೂರು ವಾರದ ನಂತರ, ಶುಕ್ರವಾರ ಸಂಜೆ 6:40

ಸುದ್ದಿ ಹೇಳೋಕೆ ಬಂದೆ. ಮೊನ್ನೆ ಬುಧವಾರ ಅವ್ವನ ಬಲಗಣ್ಣು ಆಯಿತು. ನೀವೆಲ್ಲ ಬರೆದದ್ದನ್ನು ಎರಡು ಸಲ ಓದಿಸಿಕೊಂಡಳು. ಬೀಡಿ ಅಜ್ಜನ ಕಥೆ ಮೂರು ಸಲ. ಬೆಳಿಗ್ಗೆ ಹತ್ತಕ್ಕೆ ಒಳಗೆ ಹೋದವಳು ಹನ್ನೊಂದಕ್ಕೆ ಹೊರಗೆ ಕೂತು ಚಹಾ ಕೇಳಿದಳು. "ಇಷ್ಟs ಏನು?" ಅಂತ ಸಿಸ್ಟರನ್ನೇ ಗದರಿಸಿದಳು.

ನಿನ್ನೆ ಪಟ್ಟಿ ತೆಗೆದರು. ಮನೆಗೆ ಬಂದು ಮೊದಲು ಅಡುಗೆ ಮನೆಗೆ ಹೋದಳು. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. ಗ್ಯಾಸ್ ಹಿಂದಿನ ಗೋಡೆಗೆ ಕೈ ಇಟ್ಟು, "ಎರಡು ವರ್ಷದಿಂದ ಈ ಗ್ವಾಡಿ ಇಷ್ಟು ಹೊಲಸು ಇಟ್ಟೀರಿ, ಒಬ್ಬರರ ಹೇಳಲಿಲ್ಲಲ್ಲ ನನಗ" ಅಂದಳು. ನನ್ನ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ರಾತ್ರಿ ಆ ಹಳೆಯ ಚಾಳೀಸು ತರಿಸಿಕೊಂಡು ದೀಪದ ಹತ್ತಿರ ಹಿಡಿದಳು. ನಾನು ಹಸಿರು ದಾರ ಅಂತ ಬರೆದಿದ್ದೆನಲ್ಲ. ದಾರ ಅಲ್ಲವಂತೆ. ಸೀರೆಯ ಅಂಚಿನಿಂದ ಎಳೆದ ರೇಷ್ಮೆ ಎಳೆ, ಮೂರು ಎಳೆ ಸೇರಿಸಿ ಹೊಸೆದದ್ದು. ಅದೇ ಟ್ರಂಕಿನಲ್ಲಿದ್ದ ಸೀರೆಯದು. ನನ್ನ ಎರಡು ಒಳ್ಳೆಯ ಕಣ್ಣಿಗೆ ಇದು ಕಂಡಿರಲಿಲ್ಲ.

ಓಟಿ ಸಿಸ್ಟರ್ (ನಿವೃತ್ತ) · ಶುಕ್ರವಾರ 6:58

ಬಹಳ ಸಂತೋಷ. ಡ್ರಾಪ್ಸ್ ಇವತ್ತು ಎಷ್ಟು ಸಲ ಆಯಿತು?

ಘಟಪ್ರಭಾ ದಂಡೆ · ಶುಕ್ರವಾರ 7:01

ಆರರಲ್ಲಿ ನಾಲ್ಕು ಆಗಿದೆ ಸಿಸ್ಟರ್. ಐದನೆಯದು ಏಳಕ್ಕೆ. ಅಯ್ಯೋ, ಏಳಾಯಿತು. ಬಂದೆ.